ಗಿಡ್ಡ ಗೋಧಿ, ಮುಳುಗಿದ ಭತ್ತ: ಪೈರಿನೊಳಗಿನ ಕಾವಲುಗಾರರ ಕತೆ

ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನನ್ನು ಅಮೆರಿಕದ ಸೇನೆ ಆಳುತ್ತಿದ್ದ ಕಾಲ. ಆ ಸೇನೆಯ ಜೊತೆಗೆ ಬಂದಿದ್ದ ಕೃಷಿ ಸಲಹೆಗಾರರಲ್ಲಿ ಎಸ್.ಸಿ. ಸಾಲ್ಮನ್ ಎಂಬವರೂ ಒಬ್ಬರು. 1946ರಲ್ಲಿ ಜಪಾನಿನ ಒಂದು ಕೃಷಿ ಪ್ರಯೋಗ ಕ್ಷೇತ್ರದಲ್ಲಿ ಅವರು ವಿಚಿತ್ರವಾದ ಗೋಧಿಯೊಂದನ್ನು ಕಂಡರು. ಅದಕ್ಕೆ ಗೊಬ್ಬರ ಧಾರಾಳವಾಗಿ ಬಿದ್ದಿತ್ತು, ತೆನೆ ತುಂಬಿತ್ತು. ಆದರೆ ಪೈರಿನ ಎತ್ತರ ಎರಡು ಅಡಿಯ ಆಸುಪಾಸು ಮಾತ್ರ. ಅವರ ಊರಿನ ಗೋಧಿ ಅದರ ಇಮ್ಮಡಿ ಎತ್ತರಕ್ಕೆ ಬೆಳೆದು, ತೆನೆ ಭಾರವಾದೊಡನೆ ಗಾಳಿಗೆ ನೆಲಕ್ಕೊರಗುತ್ತಿತ್ತು. ಈ ಗಿಡ್ಡ ಗೋಧಿ ಮಾತ್ರ ತಲೆ ಬಾಗದೆ ನಿಂತಿತ್ತು. ಸಾಲ್ಮನ್ ಒಂದಿಷ್ಟು ಬೀಜ ಕಟ್ಟಿಕೊಂಡು ಅಮೆರಿಕಕ್ಕೆ ಕಳುಹಿಸಿದರು. ಆ ತಳಿಯ ಹೆಸರು ನೋರಿನ್ 10.

ಹಸಿರು ಕ್ರಾಂತಿಯ ಕತೆಯನ್ನು ಸಾಮಾನ್ಯವಾಗಿ ಇಲ್ಲಿಂದ ಮುಂದಕ್ಕೆ ಹೇಳುತ್ತಾರೆ. ಸ್ವಲ್ಪ ಹಿಂದಕ್ಕೂ ಹೋಗಬೇಕೆಂದು ನಮಗನಿಸುತ್ತದೆ. ನೋರಿನ್ 10 ಅನ್ನು ಬೆಳೆಸಿದವರು ಗೊಂಜಿರೊ ಇನಾಜುಕಾ ಎಂಬ ಜಪಾನಿ ತಳಿ ತಜ್ಞರು. ಅದು ಹೊರಬಂದದ್ದು 1935ರಲ್ಲಿ. ಅವರು ಗಿಡ್ಡತನವನ್ನು ಎಲ್ಲಿಂದ ತಂದರು? ಜಪಾನಿನ ರೈತರ ಹೊಲಗಳಲ್ಲಿ ಮೊದಲೇ ಇದ್ದ ದರುಮಾ ಎಂಬ ಕುಳ್ಳ ಗೋಧಿಯಿಂದ. ಅದನ್ನು ಅಮೆರಿಕದ ಗೋಧಿ ತಳಿಯ ಜೊತೆ ಸಂಕರ ಮಾಡಿ, ಬಂದದ್ದನ್ನು ಮತ್ತೊಂದು ತಳಿಯೊಂದಿಗೆ ಕೂಡಿಸಿದ್ದರ ಫಲ ನೋರಿನ್ 10. 1873ರಷ್ಟು ಹಿಂದೆಯೇ ಹೊರೇಸ್ ಕ್ಯಾಪ್ರನ್ ಎಂಬ ಅಮೆರಿಕನ್ ಅಧಿಕಾರಿ, ಗೋಧಿಯನ್ನು ಗಿಡ್ಡವಾಗಿಸುವ ವಿದ್ಯೆಯಲ್ಲಿ ಜಪಾನಿನ ರೈತರು ಪಳಗಿದ್ದಾರೆಂದು ಬರೆದಿದ್ದರು. ಅಂದರೆ ಸಾಲ್ಮನ್ ಕಂಡದ್ದು ಹೊಸ ಪವಾಡವಲ್ಲ. ಹೆಸರು ಉಳಿಯದ ರೈತರು ತಲೆತಲಾಂತರದಿಂದ ಆರಿಸಿ ಆರಿಸಿ ಉಳಿಸಿದ್ದ ಒಂದು ಗುಣ ಅದು.

ಗೋಧಿ ಗಿಡ್ಡವಾಗುವುದರಲ್ಲಿ ಲಾಭವೇನು ಎಂದು ಕೇಳಬಹುದು. ನಮ್ಮ ಕಡೆ ಭತ್ತ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎತ್ತರದ ಪೈರಿಗೆ ಗೊಬ್ಬರ ಹೆಚ್ಚು ಹಾಕಿದರೆ ಅದು ಇನ್ನಷ್ಟು ಎತ್ತರವಾಗುತ್ತದೆ. ತೆನೆ ಬಲಿಯುವ ಹೊತ್ತಿಗೆ ಒಂದು ಮಳೆ ಬಂದರೆ ಸಾಕು, ಪೈರೆಲ್ಲ ಮಲಗಿಬಿಡುತ್ತದೆ. ಮಲಗಿದ ಪೈರಿನ ಕಾಳು ಕೊಳೆಯುತ್ತದೆ, ಇಲ್ಲವೇ ಅಲ್ಲೇ ಮೊಳೆಯುತ್ತದೆ. ಆದ್ದರಿಂದ ಹಳೆಯ ತಳಿಗಳಿಗೆ ಗೊಬ್ಬರ ಹಾಕಿ ಇಳುವರಿ ಹೆಚ್ಚಿಸುವುದಕ್ಕೆ ಒಂದು ಮಿತಿ ಇತ್ತು. ಗಿಡ್ಡ ಗೋಧಿ ಆ ಮಿತಿಯನ್ನು ಮುರಿಯಿತು. ಕಾಂಡಕ್ಕೆ ಹೋಗುತ್ತಿದ್ದ ಆಹಾರ ಕಾಳಿಗೆ ಹೋಯಿತು.

ಅಮೆರಿಕದಲ್ಲಿ ಆರ್ವಿಲ್ ವೋಗೆಲ್ ಅದನ್ನು ಸ್ಥಳೀಯ ಗೋಧಿಯ ಜೊತೆ ಸಂಕರ ಮಾಡಿದರು. ಅವರಿಂದ ಬೀಜ ಪಡೆದ ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ಅದನ್ನು ಬಿಸಿ ನಾಡಿಗೂ ಹೊಂದುವಂತೆ ಮಾಡಿದರು. ಅಲ್ಲಿಂದ ಅದು ಭಾರತಕ್ಕೂ ಪಾಕಿಸ್ತಾನಕ್ಕೂ ಬಂತು. ನಮ್ಮ ದೇಶದಲ್ಲಿ ಆಗ ಬರದ ವರ್ಷಗಳು. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹಡಗುಗಳಲ್ಲಿ ಬಂದಿಳಿಯಿತು. ಅದರ ಬಹುಪಾಲು ಅಮೆರಿಕದ ಗೋಧಿ. ಶಾಲೆಗಳಲ್ಲಿ ಸಿಗುತ್ತಿದ್ದ ಸಜ್ಜಿಗೆ ಉಪ್ಪಿಟ್ಟಿನ ಪರಿಮಳವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಪರಿಮಳದ ಹಿಂದೆ ಒಂದು ದೇಶದ ದೈನ್ಯವಿತ್ತು. ಎಂ.ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರ ಒತ್ತಾಸೆಯಿಂದ ಅದೇ ವರ್ಷ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ತರಿಸಲಾಯಿತು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿಯ ಫಸಲು 1967-68ರಲ್ಲಿ 1.65 ಕೋಟಿ ಟನ್ ದಾಟಿತು. 1968ರಲ್ಲಿ ಸರಕಾರ ಇದರ ನೆನಪಿಗೆ ಅಂಚೆ ಚೀಟಿಯನ್ನೇ ಹೊರಡಿಸಿತು. 1970ರಲ್ಲಿ ಬೋರ್ಲಾಗ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇಷ್ಟೆಲ್ಲ ಆದರೂ, ಈ ಗೋಧಿ ಗಿಡ್ಡವಾಗಿದ್ದೇಕೆ ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಕೋಟಿಗಟ್ಟಲೆ ಜನರ ಹೊಟ್ಟೆ ತುಂಬಿಸಿದ ಗುಣವೊಂದರ ಒಳಗುಟ್ಟು ತಿಳಿಯಲು ಇನ್ನೂ ಮೂರು ದಶಕ ಕಾಯಬೇಕಾಯಿತು.

ಉತ್ತರದ ಮೊದಲ ಎಳೆ ಸಿಕ್ಕಿದ್ದು ಒಂದು ರೋಗದಲ್ಲಿ, ಅದೂ ಜಪಾನಿನಲ್ಲಿಯೇ. ಅಲ್ಲಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಇದ್ದಕ್ಕಿದ್ದಂತೆ ಉಳಿದವನ್ನು ಮೀರಿ ಉದ್ದುದ್ದ ಬೆಳೆದು, ಬಿಳಿಚಿಕೊಂಡು, ತೆನೆ ಬಿಡದೆ ಸಾಯುತ್ತಿದ್ದವು. ರೈತರು ಅದನ್ನು ಬಕಾನೆ ಎಂದು ಕರೆದರು. ಹೆಡ್ಡ ಸಸಿ ಎಂದು ಅದರ ಅರ್ಥ. ಬುದ್ಧಿಯಿಲ್ಲದೆ ಬೆಳೆದದ್ದಕ್ಕೆ ಎಷ್ಟು ಚೆಂದದ ಹೆಸರು! ಇದಕ್ಕೆ ಕಾರಣ ಒಂದು ಶಿಲೀಂಧ್ರ. 1926ರಲ್ಲಿ ತೈವಾನ್‌ನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವಾ ಆ ಶಿಲೀಂಧ್ರವನ್ನು ದ್ರಾವಣದಲ್ಲಿ ಬೆಳೆಸಿ, ಶಿಲೀಂಧ್ರವನ್ನು ಸೋಸಿ ತೆಗೆದು, ಉಳಿದ ನೀರನ್ನು ಮಾತ್ರ ಸಸಿಗಳಿಗೆ ಹಾಕಿದರು. ಸಸಿಗಳು ಹಾಗೆಯೇ ಉದ್ದ ಬೆಳೆದವು. ಅಂದರೆ ಶಿಲೀಂಧ್ರ ಸ್ರವಿಸುವ ಯಾವುದೋ ವಸ್ತುವಿನಲ್ಲಿ ಆ ಶಕ್ತಿಯಿದೆ. 1935ರಲ್ಲಿ ತೈಜಿರೊ ಯಬುಟಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ನೋರಿನ್ 10 ಹೊರಬಂದದ್ದೂ ಅದೇ ವರ್ಷ. ಈ ಎರಡಕ್ಕೂ ನಂಟಿದೆಯೆಂದು ಆಗ ಯಾರೂ ಎಣಿಸಿರಲಿಲ್ಲ.

ಯುದ್ಧ ಮುಗಿದ ಮೇಲೆ ಪಾಶ್ಚಾತ್ಯ ವಿಜ್ಞಾನಿಗಳ ಗಮನ ಇತ್ತ ಹರಿಯಿತು. ಜಿಬ್ಬರೆಲಿನ್ ಬರೇ ಶಿಲೀಂಧ್ರದ ಸೊತ್ತಲ್ಲ, ಎಲ್ಲ ಗಿಡಗಳೂ ತಮ್ಮೊಳಗೆ ಅದನ್ನು ತಯಾರಿಸುತ್ತವೆ, ಕಾಂಡ ಉದ್ದವಾಗಲು ಅದು ಬೇಕೇ ಬೇಕು ಎಂಬುದು ತಿಳಿಯಿತು. ಶಿಲೀಂಧ್ರ ಮಾಡುತ್ತಿದ್ದುದು ಗಿಡದ ಸ್ವಂತ ಭಾಷೆಯನ್ನು ಕದ್ದು ಸುಳ್ಳು ಆಜ್ಞೆ ಹೊರಡಿಸುವ ಕೆಲಸ.

ಹಾಗಾದರೆ ಗಿಡ್ಡ ಗಿಡ ಎಂದರೆ ಜಿಬ್ಬರೆಲಿನ್ ಕಡಿಮೆ ಇರುವ ಗಿಡವೇ? ಕೆಲವು ಗಿಡ್ಡ ಗಿಡಗಳ ವಿಷಯದಲ್ಲಿ ಹೌದು. ಅವಕ್ಕೆ ಜಿಬ್ಬರೆಲಿನ್ ಸಿಂಪಡಿಸಿದರೆ ಎತ್ತರವಾಗುತ್ತವೆ. ಆದರೆ ನೋರಿನ್ 10 ವಂಶದ ಗೋಧಿಗೆ ಎಷ್ಟು ಸಿಂಪಡಿಸಿದರೂ ಅದು ಜಗ್ಗುವುದಿಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಮೈಕಲ್ ಗೇಲ್ ಮತ್ತಿತರರು ಇದನ್ನು ಗುರುತಿಸಿದರು. ಆಜ್ಞೆ ಬರುತ್ತಿದೆ, ಆದರೆ ಅದನ್ನು ಕೇಳುವ ಕಿವಿ ಕೆಟ್ಟಿದೆ. ಆ ಕಿವಿ ಯಾವುದು?

ಇಲ್ಲಿ ಸ್ವಲ್ಪ ನಿಂತು, ಗಿಡದ ಜೀವಕೋಶದೊಳಗೆ ಇಣುಕಬೇಕು. ಬೇರಿನ ಕೋಶವಿರಲಿ, ಹೂವಿನ ಎಸಳಿನ ಕೋಶವಿರಲಿ, ಎರಡರಲ್ಲೂ ಇರುವ ವಂಶವಾಹಿಗಳು ಅವೇ. ನಾಡಿನ ಪ್ರತಿಯೊಂದು ತಾಲೂಕು ಕಚೇರಿಯ ಕಪಾಟಿನಲ್ಲೂ ಕಾನೂನಿನ ಅದೇ ಪುಸ್ತಕಗಳು ಇರುವಂತೆ. ಆದರೆ ಯಾವ ಕಚೇರಿಯಲ್ಲಿ ಯಾವ ದಿನ ಯಾವ ಪುಟ ತೆರೆಯುತ್ತದೆ ಎಂಬುದರ ಮೇಲೆ ಅಲ್ಲಿನ ಕೆಲಸ ನಿಂತಿದೆ. ವಂಶವಾಹಿಯ ಪುಟ ತೆರೆಯಬೇಕೇ ಬೇಡವೇ ಎಂದು ತೀರ್ಮಾನಿಸುವ ಗುಮಾಸ್ತರು ಕೋಶದಲ್ಲಿದ್ದಾರೆ. ಅವರೇ ನಿಯಂತ್ರಕ ಪ್ರೋಟೀನುಗಳು. ವಂಶವಾಹಿಯ ಮುಂಭಾಗದಲ್ಲಿರುವ ಡಿಎನ್‌ಎಯ ಒಂದು ಚಿಕ್ಕ ಅಕ್ಷರಮಾಲೆಯನ್ನು ಗುರುತಿಸಿ ಅದಕ್ಕೆ ಅಂಟಿಕೊಂಡು, ಕೆಲವು ಪುಟ ತೆರೆಸುತ್ತವೆ, ಕೆಲವು ಮುಚ್ಚಿಸುತ್ತವೆ. ಇನ್ನು ಕೆಲವು ಡಿಎನ್‌ಎಯನ್ನು ತಾವು ಮುಟ್ಟದೆ, ಮುಟ್ಟಲು ಹೊರಟ ಗುಮಾಸ್ತನ ಕೈ ಹಿಡಿದು ನಿಲ್ಲಿಸುತ್ತವೆ. ಇಂಥವನ್ನು ನಾವು ಕಾವಲುಗಾರರೆನ್ನೋಣ. ಈ ಲೇಖನಕ್ಕೆ ಅವರೇ ಮುಖ್ಯರು.

ಇಂಥ ನಿಯಂತ್ರಣವಿದೆ ಎಂಬ ಕಲ್ಪನೆ ಸ್ಪಷ್ಟವಾದದ್ದು ಗಿಡದಲ್ಲಲ್ಲ, ನಮ್ಮ ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾದಲ್ಲಿ. ಫ್ರಾನ್ಸಿನ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲಿ ಅದನ್ನು ಮುಂದಿಟ್ಟರು. 1965ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಒಂದು ವಂಶವಾಹಿಯನ್ನು ಮತ್ತೊಂದು ಅಂಕೆಯಲ್ಲಿಡುತ್ತದೆ ಎಂಬ ಮಾತನ್ನು ಅವರಿಗಿಂತ ಮೊದಲೇ, 1940ರ ದಶಕದ ಕೊನೆಯಲ್ಲಿ ಮತ್ತು 50ರ ದಶಕದ ಆರಂಭದಲ್ಲಿ ಹೇಳಿದ್ದವರು ಬಾರ್ಬರಾ ಮೆಕ್ಲಿಂಟಾಕ್ ಎಂಬ ಅಮೆರಿಕನ್ ಮಹಿಳೆ. ಮೆಕ್ಕೆಜೋಳದ ಕಾಳಿನ ಬಣ್ಣದ ಚುಕ್ಕೆಗಳನ್ನು ನೋಡುತ್ತಾ, ವರ್ಣತಂತುವಿನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ತುಣುಕುಗಳಿವೆ, ಅವು ಹೋಗಿ ಕೂತಲ್ಲಿ ಬಣ್ಣದ ವಂಶವಾಹಿ ಮೌನವಾಗುತ್ತದೆ ಎಂದು ಅವರು ತೋರಿಸಿದರು. ಸಹವಿಜ್ಞಾನಿಗಳಲ್ಲಿ ಹೆಚ್ಚಿನವರಿಗೆ ಅದು ತಲೆಗೆ ಹತ್ತಲಿಲ್ಲ. ನೊಬೆಲ್ ಪ್ರಶಸ್ತಿ ಬಂದದ್ದು 1983ರಲ್ಲಿ, ಅವರಿಗೆ 81 ವರ್ಷವಾದಾಗ.

ಮೆಕ್ಲಿಂಟಾಕ್ ನೋಡುತ್ತಿದ್ದ ಅದೇ ಮೆಕ್ಕೆಜೋಳದ ಬಣ್ಣದಿಂದ ಗಿಡಗಳ ನಿಯಂತ್ರಕ ಪ್ರೋಟೀನೂ ಮೊದಲ ಬಾರಿಗೆ ಕೈಗೆ ಸಿಕ್ಕಿತು. ಕಾಳಿಗೆ ನೇರಳೆ ಬಣ್ಣ ಬರಬೇಕಾದರೆ ಸಿ1 ಎಂಬ ವಂಶವಾಹಿ ಬೇಕು. ಜಿಗಿಯುವ ತುಣುಕೊಂದು ಅದರೊಳಗೆ ಹೋಗಿ ಕೂತಿದ್ದ ಜೋಳವನ್ನು ಆರಿಸಿ, ಆ ತುಣುಕನ್ನೇ ಗಾಳದಂತೆ ಬಳಸಿ ವಂಶವಾಹಿಯನ್ನು ಹೊರಗೆಳೆದರು. 1987ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಹಾವಿಯರ್ ಪಾಸ್-ಆರೆಸ್ ಮತ್ತು ಸಂಗಡಿಗರು ಅದರ ಅಕ್ಷರಗಳನ್ನು ಓದಿದಾಗ ಬೆರಗಾಗುವ ಸಂಗತಿ ಕಂಡಿತು. ಸಿ1 ತಯಾರಿಸುವ ಪ್ರೋಟೀನು ಬಣ್ಣವನ್ನು ತಯಾರಿಸುವ ಕಿಣ್ವವಲ್ಲ, ಆ ಕಿಣ್ವಗಳ ಪುಟ ತೆರೆಸುವ ಗುಮಾಸ್ತ. ಅದರ ಒಂದು ಭಾಗವಂತೂ, ಕೋಳಿಯಲ್ಲಿಯೂ ಮನುಷ್ಯನಲ್ಲಿಯೂ ಇರುವ, ಕೆಟ್ಟರೆ ಕ್ಯಾನ್ಸರಿಗೆ ಕಾರಣವಾಗಬಲ್ಲ ಒಂದು ಪ್ರೋಟೀನಿನ ಹಾಗೆಯೇ ಇತ್ತು. ಜೋಳದ ಕಾಳಿಗೂ ಮನುಷ್ಯನ ರಕ್ತಕ್ಕೂ ಇಂಥದ್ದೊಂದು ನಂಟು!

ಇದನ್ನೆಲ್ಲ ವಿಜ್ಞಾನಿಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ವಸ್ತುಗಳಲ್ಲಿ ಹೇಗೆ ತಿಳಿಯುತ್ತಾರೆ? ಉಪಾಯಗಳು ಸರಳವಾದವು. ಒಂದು ಪ್ರೋಟೀನು ಡಿಎನ್‌ಎ ತುಣುಕಿಗೆ ಅಂಟುತ್ತದೋ ಇಲ್ಲವೋ ನೋಡಬೇಕೆಂದರೆ, ಎರಡನ್ನೂ ಬೆರೆಸಿ ಅಗರಿನಂಥ ಲೋಳೆಯ ಪದರದ ಮೂಲಕ ವಿದ್ಯುತ್ ಹರಿಸಿ ಓಡಿಸುತ್ತಾರೆ. ಬರಿಗೈಯ ಡಿಎನ್‌ಎ ಬೇಗ ಓಡುತ್ತದೆ. ಪ್ರೋಟೀನಿನ ಹೊರೆ ಹೊತ್ತದ್ದು ಹಿಂದೆ ಬೀಳುತ್ತದೆ. ಇನ್ನು ಒಂದು ವಂಶವಾಹಿ ಗಿಡದ ಯಾವ ಭಾಗದಲ್ಲಿ ಎಚ್ಚರವಾಗಿದೆಯೆಂದು ತಿಳಿಯಲು, ಅದರ ಮುಂಭಾಗದ ಅಕ್ಷರಮಾಲೆಗೆ ಬ್ಯಾಕ್ಟೀರಿಯಾದ ಒಂದು ವಂಶವಾಹಿಯನ್ನು ಹೊಲಿದು ಗಿಡಕ್ಕೆ ಸೇರಿಸುತ್ತಾರೆ. ತಕ್ಕ ರಸಾಯನ ಹಾಕಿದರೆ, ಪುಟ ತೆರೆದಿರುವಲ್ಲೆಲ್ಲ ನೀಲಿ ಬಣ್ಣ ಮೂಡುತ್ತದೆ. 1987ರಲ್ಲಿ ರಿಚರ್ಡ್ ಜೆಫರ್ಸನ್ ಈ ನೀಲಿಯ ವಿಧಾನವನ್ನು ಪ್ರಕಟಿಸಿದರು. ಅದನ್ನು ತಮ್ಮ ಪೆಟ್ಟಿಗೆಯಲ್ಲಿ ಬಚ್ಚಿಡದೆ ಲೋಕದ ಪ್ರಯೋಗಾಲಯಗಳಿಗೆ ಹಂಚಿದರು ಎಂಬುದನ್ನೂ ನೆನೆಯಬೇಕು. ಬೀಜಕ್ಕೂ ವಂಶವಾಹಿಗೂ ಪೇಟೆಂಟ್ ಬೇಲಿ ಹಾಕುವ ಕಾಲ ಆಗಲೇ ಶುರುವಾಗಿತ್ತು.

ಈ ಅಧ್ಯಯನಗಳಿಗೆಲ್ಲ ಹೆಚ್ಚಾಗಿ ಒದಗಿದ್ದು ಅರಬಿಡಾಪ್ಸಿಸ್ ಎಂಬ, ಸಾಸಿವೆಯ ಬಳಗದ ಒಂದು ಪುಟ್ಟ ಕಳೆ ಗಿಡ. ತಿನ್ನಲು ಬಾರದು, ಮಾರಲು ಬಾರದು. ಆದರೆ ಆರೇಳು ವಾರಗಳಲ್ಲಿ ಬೀಜದಿಂದ ಬೀಜಕ್ಕೆ ಬರುತ್ತದೆ. 2000ದ ಡಿಸೆಂಬರಿನಲ್ಲಿ ಅದರ ಡಿಎನ್‌ಎಯನ್ನು ಪೂರ್ತಿ ಓದಿ ಮುಗಿಸಿದಾಗ ಸುಮಾರು 25,500 ವಂಶವಾಹಿಗಳು ಲೆಕ್ಕಕ್ಕೆ ಸಿಕ್ಕಿದವು. ಅವುಗಳಲ್ಲಿ 1,500ಕ್ಕೂ ಹೆಚ್ಚು ನಿಯಂತ್ರಕ ಪ್ರೋಟೀನುಗಳಿಗೆ ಮೀಸಲು. ಅಂದರೆ ನೂರಕ್ಕೆ ಐದಕ್ಕಿಂತ ಹೆಚ್ಚು. ಕಾಲಿಲ್ಲದ ಜೀವಿಗೆ ಇಷ್ಟು ಗುಮಾಸ್ತರು ಬೇಕಾದದ್ದು ಸಹಜವೆನ್ನಬೇಕು. ಬಿಸಿಲು ಬಂದರೆ ನೆರಳಿಗೆ ಓಡಲಾಗದು, ನೆರೆ ಬಂದರೆ ಗುಡ್ಡ ಹತ್ತಲಾಗದು. ನಿಂತಲ್ಲೇ ತನ್ನನ್ನು ತಾನು ಬದಲಿಸಿಕೊಳ್ಳುವುದೊಂದೇ ಅದಕ್ಕೆ ದಾರಿ.

ಅರಬಿಡಾಪ್ಸಿಸ್‌ನಲ್ಲಿಯೂ ಜಿಬ್ಬರೆಲಿನ್‌ಗೆ ಕಿವುಡಾದ ಒಂದು ಕುಳ್ಳ ಗಿಡ ಇತ್ತು. ಹಾಲೆಂಡಿನ ಮಾರ್ಟನ್ ಕೋರ್ನೀಫ್ ಮತ್ತು ಸಂಗಡಿಗರು 1985ರಲ್ಲಿ ಅದನ್ನು ವರ್ಣಿಸಿದ್ದರು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ನಿಕೋಲಸ್ ಹಾರ್ಬರ್ಡ್ ಅವರ ತಂಡ 1997ರಲ್ಲಿ ಅದರ ವಂಶವಾಹಿಯನ್ನು ಹಿಡಿಯಿತು. ಎರಡು ವರ್ಷಗಳ ಬಳಿಕ, 1999ರಲ್ಲಿ, ಅದೇ ತಂಡವೂ ಮೈಕಲ್ ಗೇಲ್ ಅವರೂ ಸೇರಿ ಗೋಧಿಯ ಗುಟ್ಟನ್ನು ಬಿಡಿಸಿದರು. ಕಳೆ ಗಿಡದ ಆ ವಂಶವಾಹಿಯೂ ಹಸಿರು ಕ್ರಾಂತಿಯ ಗೋಧಿಯ ಗಿಡ್ಡತನದ ವಂಶವಾಹಿಯೂ ಒಂದೇ ಮನೆತನದವು!

ಆ ಮನೆತನದ ಪ್ರೋಟೀನುಗಳಿಗೆ ಡೆಲ್ಲಾ ಎಂದು ಹೆಸರು. ಅವು ಬೆಳವಣಿಗೆಯ ಬಾಗಿಲಲ್ಲಿ ನಿಂತ ಕಾವಲುಗಾರರು. ಕಾಂಡವನ್ನು ಉದ್ದಗೊಳಿಸುವ ವಂಶವಾಹಿಗಳನ್ನು ಎಚ್ಚರಿಸಲು ಬರುವ ಪ್ರೋಟೀನುಗಳನ್ನು ಡೆಲ್ಲಾ ಹಿಡಿದಿಟ್ಟು, ಅವು ಡಿಎನ್‌ಎಯನ್ನು ಮುಟ್ಟದಂತೆ ಮಾಡುತ್ತದೆ. ಇದು 2008ರಲ್ಲಿ ಎರಡು ತಂಡಗಳಿಂದ ಒಟ್ಟಿಗೆ ಖಚಿತವಾಯಿತು. ಜಿಬ್ಬರೆಲಿನ್ ಬಂದಾಗ ಏನಾಗುತ್ತದೆ? ಅದನ್ನು ಮೊದಲು ಹಿಡಿಯುವ ಇನ್ನೊಂದು ಪ್ರೋಟೀನನ್ನು 2005ರಲ್ಲಿ ಜಪಾನಿನ ನಗೋಯಾದ ವಿಜ್ಞಾನಿಗಳು ಭತ್ತದಲ್ಲಿ ಪತ್ತೆ ಹಚ್ಚಿದ್ದರು. ಜಿಬ್ಬರೆಲಿನ್ ಹಿಡಿದ ಆ ಪ್ರೋಟೀನು ಡೆಲ್ಲಾದ ಒಂದು ತುದಿಗೆ ತಗಲಿಕೊಳ್ಳುತ್ತದೆ. ಒಡನೆ ಕೋಶದ ಕಸ ವಿಲೇವಾರಿ ವ್ಯವಸ್ಥೆ ಡೆಲ್ಲಾವನ್ನು ಎಳೆದೊಯ್ದು ಚೂರು ಮಾಡುತ್ತದೆ. ಕಾವಲುಗಾರ ಹೋದ, ಬಾಗಿಲು ತೆರೆಯಿತು, ಕಾಂಡ ಉದ್ದವಾಯಿತು. ನೋರಿನ್ 10ರ ಡೆಲ್ಲಾದಲ್ಲಿ ಆ ತುದಿಯೇ ಇಲ್ಲ. ಹಿಡಿಯಲು ಜುಟ್ಟಿಲ್ಲದವನನ್ನು ಎಳೆದೊಯ್ಯುವುದು ಹೇಗೆ? ಆಜ್ಞೆ ಎಷ್ಟು ಬಂದರೂ ಕಾವಲುಗಾರ ನಿಂತೇ ಇರುತ್ತಾನೆ.

ಭತ್ತದ ಹಸಿರು ಕ್ರಾಂತಿಯ ತಳಿಯಾದ, 1966ರಲ್ಲಿ ಫಿಲಿಪ್ಪೀನ್ಸ್‌ನಿಂದ ಬಂದ ಐಆರ್ 8ರ ಗಿಡ್ಡತನ ಬೇರೆ ಬಗೆಯದು. ತೈವಾನಿನ ಹಳೆಯ ತಳಿಯೊಂದರಿಂದ ಬಂದ ಅದರಲ್ಲಿ ಕೆಟ್ಟಿರುವುದು ಜಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವ. ಇದು ಗೊತ್ತಾದದ್ದು 2002ರಲ್ಲಿ. ಗೋಧಿಗೆ ಆಜ್ಞೆ ಕೇಳಿಸುವುದಿಲ್ಲ, ಭತ್ತದಲ್ಲಿ ಆಜ್ಞೆಯೇ ಸರಿಯಾಗಿ ಹೊರಡುವುದಿಲ್ಲ.

ಆದರೆ ಸದಾ ನಿಂತೇ ಇರುವ ಕಾವಲುಗಾರನಿಗೆ ಬೆಲೆ ತೆರಬೇಕಾಗುತ್ತದೆ. ಹಸಿರು ಕ್ರಾಂತಿಯ ತಳಿಗಳು ಗೊಬ್ಬರಬಾಕ ಎಂದು ರೈತರು ಮೊದಲಿನಿಂದಲೂ ಹೇಳುತ್ತಾ ಬಂದಿದ್ದರು. ಅದು ಬರೇ ದೂರಲ್ಲ ಎಂಬುದಕ್ಕೆ ಪುರಾವೆ 2018ರಲ್ಲಿ ಬಂತು. ಚೀನಾದ ಫು ಶಿಯಾಂಗ್‌ಡಾಂಗ್ ಅವರ ತಂಡ ಮತ್ತು ಹಾರ್ಬರ್ಡ್ ಸೇರಿ ತೋರಿಸಿದ್ದೇನೆಂದರೆ, ಮಣ್ಣಿನಿಂದ ಸಾರಜನಕ ಹೀರುವ ವಂಶವಾಹಿಗಳನ್ನು ಎಚ್ಚರಿಸುವ ಪ್ರೋಟೀನೊಂದನ್ನೂ ಇದೇ ಡೆಲ್ಲಾ ತಡೆಯುತ್ತದೆ. ಅಂದರೆ ಗಿಡವನ್ನು ಕುಳ್ಳವಾಗಿಸಿದ ಕೈಯೇ ಅದರ ಹೀರುವ ಶಕ್ತಿಯನ್ನೂ ಕುಗ್ಗಿಸಿತು. ಕೊರತೆಯನ್ನು ಯೂರಿಯದ ಚೀಲ ತುಂಬಿತು. ಗಿಡ ಹೀರದೆ ಬಿಟ್ಟದ್ದು ಕೆರೆಗೂ ಬಾವಿಗೂ ಇಳಿಯಿತು. ಆ ಇನ್ನೊಂದು ಪ್ರೋಟೀನಿನ ಪ್ರಮಾಣ ಹೆಚ್ಚಿಸಿದರೆ ಗಿಡ್ಡತನ ಕೆಡದೆಯೇ ಹೀರುವ ಶಕ್ತಿ ಮರಳುತ್ತದೆಂದೂ ಅವರು ತೋರಿಸಿದರು. ನೋರಿನ್ ವಂಶದ ಗೋಧಿಯ ಮೊಳಕೆಯೂ ಗಿಡ್ಡವೇ. ಆಳವಾಗಿ ಬಿತ್ತಿದರೆ ಮೇಲೆ ಬರಲು ಕಷ್ಟ. ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಹಿಂಗಾರಿಗೆ ಮಣ್ಣಿನ ಪಸೆ ಹುಡುಕಿ ಬಿತ್ತುವವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಭತ್ತಕ್ಕೆ ಬರೋಣ. ಭತ್ತ ನೀರಲ್ಲಿ ನಿಲ್ಲುವ ಬೆಳೆಯೇ ಹೊರತು ನೀರಡಿ ಬದುಕುವ ಬೆಳೆಯಲ್ಲ. ನೆರೆ ಬಂದು ಪೈರು ಪೂರ್ತಿ ಮುಳುಗಿದರೆ, ಹೆಚ್ಚಿನ ತಳಿಗಳು ಒಂದು ವಾರದ ಆಸುಪಾಸಿನಲ್ಲಿ ಸಾಯುತ್ತವೆ. ಬೈಲು ಗದ್ದೆಯಲ್ಲಿ ನೆರೆ ಇಳಿದ ಮೇಲೆ ಕೊಳೆತ ನೇಜಿಯ ವಾಸನೆ ಕುಡಿದವರಿಗೆ ಅದು ಗೊತ್ತು. ಸಾವಿಗೆ ಕಾರಣ ಉಸಿರುಗಟ್ಟುವುದಷ್ಟೇ ಅಲ್ಲ, ಗಡಿಬಿಡಿ ಕೂಡಾ. ಗಿಡದೊಳಗೆ ಹುಟ್ಟುವ ಎಥಿಲೀನ್ ಅನಿಲ ನೀರಿನಿಂದಾಗಿ ಹೊರ ಹೋಗಲಾಗದೆ ಒಳಗೇ ತುಂಬುತ್ತದೆ. ಅದು ನೆರೆಯ ಸುದ್ದಿ. ಸುದ್ದಿ ಕೇಳಿದ ಭತ್ತ ಜಿಬ್ಬರೆಲಿನ್‌ನ ಬಲದಿಂದ ನೀರಿನ ಮೇಲ್ಮೈ ಮುಟ್ಟಲು ಉದ್ದುದ್ದ ಬೆಳೆಯುತ್ತದೆ. ಕೂಡಿಟ್ಟ ಆಹಾರವೆಲ್ಲ ಅದರಲ್ಲೇ ಕರಗುತ್ತದೆ. ನೀರು ಇಳಿದಾಗ ನಿಲ್ಲಲು ತ್ರಾಣವಿಲ್ಲದೆ ಬಿದ್ದು ಸಾಯುತ್ತದೆ.

ಒಡಿಶಾದ ತಗ್ಗು ಪ್ರದೇಶದ ರೈತರ ಬಳಿ ಧಲಪುಟಿಯಾ ಎಂಬ ಒಂದು ನಾಡ ತಳಿಯಿತ್ತು. ಅದು ಎರಡು ವಾರ ಮುಳುಗಿದ್ದರೂ ಮತ್ತೆ ಚಿಗುರುತ್ತಿತ್ತು. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಅದರಿಂದ ಆರಿಸಿದ ಶುದ್ಧ ಸಾಲಿಗೆ ಎಫ್‌ಆರ್13ಎ ಎಂದು ಹೆಸರಿಡಲಾಯಿತು. ನೆರೆ ತಾಳುವ ಹದಿಮೂರನೆಯದು ಎಂಬಂಥ ಒಣ ಹೆಸರು. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಅನೇಕ ತಳಿಗಳನ್ನು ಮುಳುಗಿಸಿ ನೋಡಿದಾಗ ಇದು ಮೇಲೆದ್ದು ನಿಂತಿತು. ಆದರೆ ಇದರ ಇಳುವರಿ ಕಡಿಮೆ. ಇದರ ಗುಣವನ್ನು ಸಾದಾ ಸಂಕರದಿಂದ ಬೇರೆ ತಳಿಗಳಿಗೆ ತಂದಾಗ ಬೇಡದ ಗುಣಗಳೂ ಹಿಂದೆಯೇ ಬಂದವು. ರೈತರು ಅವನ್ನು ಒಪ್ಪಲಿಲ್ಲ. ಉಣ್ಣುವವನ ನಾಲಗೆಯನ್ನು ಕೇಳದೆ ಮಾಡಿದ ತಳಿ ಗೋದಾಮಿನಲ್ಲೇ ಉಳಿಯುತ್ತದೆ.

1996ರಲ್ಲಿ ಕೆನಾಂಗ್ ಶು ಮತ್ತು ಡೇವಿಡ್ ಮೆಕಿಲ್, ನೆರೆ ತಾಳುವ ಗುಣದ ಬಹುಪಾಲು ಭತ್ತದ ಒಂಬತ್ತನೆಯ ವರ್ಣತಂತುವಿನ ಒಂದೇ ಜಾಗದಲ್ಲಿದೆಯೆಂದು ಗುರುತಿಸಿದರು. ಅಲ್ಲಿಂದ ಹತ್ತು ವರ್ಷ ಬೇಕಾಯಿತು. 2006ರಲ್ಲಿ ಅವರಿಬ್ಬರೂ ಪಮೇಲಾ ರೊನಾಲ್ಡ್ ಮತ್ತಿತರರೂ ಸೇರಿ ಆ ವಂಶವಾಹಿಯನ್ನು ಪ್ರಕಟಿಸಿದರು. ಹೆಸರು ಸಬ್1ಎ. ಅದೂ ಒಂದು ನಿಯಂತ್ರಕ ಪ್ರೋಟೀನನ್ನೇ ತಯಾರಿಸುತ್ತದೆ, ಎಥಿಲೀನ್‌ನ ಸುದ್ದಿಗೆ ಓಗೊಡುವ ಬಳಗದ್ದು. ಅದು ಮಾಡುವ ಕೆಲಸವನ್ನು 2008ರಲ್ಲಿ ತಕೇಶಿ ಫುಕಾವೊ ಮತ್ತು ಜೂಲಿಯಾ ಬೈಲಿ-ಸೆರೆಸ್ ಬಿಡಿಸಿ ಹೇಳಿದರು. ಮುಳುಗಿದ ಭತ್ತದಲ್ಲಿ ಸಬ್1ಎ ಡೆಲ್ಲಾ ಬಳಗದ ಕಾವಲುಗಾರರ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಜಿಬ್ಬರೆಲಿನ್ ಎಷ್ಟು ಕೂಗಿದರೂ ಕಾಂಡ ಉದ್ದವಾಗುವುದಿಲ್ಲ. ಗಿಡ ಕದಲದೆ, ಆಹಾರ ಉಳಿಸಿಕೊಂಡು, ನೀರು ಇಳಿಯುವುದನ್ನು ಕಾಯುತ್ತದೆ. ಗೋಧಿಯಲ್ಲಿ ಸದಾ ನಿಂತಿದ್ದ ಕಾವಲುಗಾರನೇ ಇಲ್ಲಿ ಬೇಕಾದಾಗ ಮಾತ್ರ ಬಂದು ನಿಲ್ಲುತ್ತಾನೆ.

ಸ್ವಾರಸ್ಯವೇನೆಂದರೆ, ಬಾಂಗ್ಲಾದೇಶದ ಆಳ ನೀರಿನ ಭತ್ತ ಇದಕ್ಕೆ ತದ್ವಿರುದ್ಧ. ಅಲ್ಲಿ ನೆರೆ ಎರಡು ವಾರದಲ್ಲಿ ಇಳಿಯುವಂಥದ್ದಲ್ಲ, ತಿಂಗಳುಗಟ್ಟಲೆ ನಿಲ್ಲುವಂಥದ್ದು. ಕಾಯುತ್ತಾ ಕೂತರೆ ಸಾವೇ ಗತಿ. ಆ ಭತ್ತ ದಿನಕ್ಕೆ 20 ಸೆಂಟಿಮೀಟರಿಗೂ ಹೆಚ್ಚು ಬೆಳೆದು ನೀರಿನ ಮೇಲೆ ತಲೆಯೆತ್ತಬಲ್ಲದು. 2009ರಲ್ಲಿ ಜಪಾನಿನ ಮೊಟೊಯುಕಿ ಅಶಿಕಾರಿ ಅವರ ತಂಡ ಅದರಿಂದ ಎರಡು ವಂಶವಾಹಿಗಳನ್ನು ಹುಡುಕಿತು. ನೀರಡಿ ಈಜುವವರು ಉಸಿರಾಡಲು ಕಚ್ಚಿಕೊಳ್ಳುವ ಕೊಳವೆಯ ಹೆಸರನ್ನೇ, ಸ್ನಾರ್ಕೆಲ್ ಎಂದು, ಅವಕ್ಕೆ ಇಟ್ಟರು. ಅವೂ ಸಬ್1ಎಯ ಬಳಗದ ಪ್ರೋಟೀನುಗಳನ್ನೇ ತಯಾರಿಸುತ್ತವೆ. ಸುದ್ದಿ ಒಂದೇ, ಬಳಗ ಒಂದೇ. ಒಂದು ಅಡಗು ಎನ್ನುತ್ತದೆ, ಇನ್ನೊಂದು ಏಳು ಎನ್ನುತ್ತದೆ. ಯಾವ ನೆಲದಲ್ಲಿ ಯಾವುದು ಸರಿ ಎಂಬುದನ್ನು ಆರಿಸಿ ಉಳಿಸಿದವರು ಆಯಾ ನೆಲದ ರೈತರು. ನಮ್ಮಲ್ಲೂ ಅಘನಾಶಿನಿಯ ಉಪ್ಪುನೀರಿನ ಗಜನಿಯಲ್ಲಿ ಕಗ್ಗ, ವರದಾ ನದಿಯ ನೆರೆ ಗದ್ದೆಗಳಲ್ಲಿ ನೆರೆಗುಳಿ ಎಂಬ ಭತ್ತಗಳನ್ನು ಅಂಥವರೇ ಉಳಿಸಿಕೊಂಡು ಬಂದಿದ್ದಾರೆ.

ಸಬ್1ಎಯ ಜಾಗ ಗೊತ್ತಾದ ಮೇಲೆ, ಅದೊಂದನ್ನೇ ಆರಿಸಿ ತರುವುದು ಸಾಧ್ಯವಾಯಿತು. ಸ್ವರ್ಣಾ ಎಂಬುದು ಆಂಧ್ರದ ಮಾರುಟೇರು ಕೇಂದ್ರದಿಂದ 1982ರಲ್ಲಿ ಬಂದ, ಪೂರ್ವ ಭಾರತದ ತಗ್ಗು ಗದ್ದೆಗಳಲ್ಲಿ ಮನೆಮಾತಾದ ತಳಿ. ಅದರ ಒಬ್ಬ ತಂದೆ ಮಲೇಶಿಯಾದಿಂದ ಬಂದ ಮಹ್ಸೂರಿ. ನಮ್ಮ ಸೋನಾ ಮಸೂರಿಯ ಮಸೂರಿಯೂ ಆ ಹೆಸರೇ. ಸ್ವರ್ಣಾವನ್ನು ಎಫ್‌ಆರ್13ಎ ವಂಶದೊಂದಿಗೆ ಸಂಕರ ಮಾಡಿ, ಬಂದ ಮಕ್ಕಳನ್ನು ಮತ್ತೆ ಮತ್ತೆ ಸ್ವರ್ಣಾದೊಂದಿಗೇ ಕೂಡಿಸಿ, ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಪರೀಕ್ಷಿಸಿ, ಸಬ್1ಎ ಇರುವ ಸಸಿಗಳನ್ನು ಮಾತ್ರ ಉಳಿಸಿಕೊಂಡರು. ಪ್ರಯೋಗಾಲಯದಲ್ಲಿ ವಂಶವಾಹಿ ತುರುಕುವ ಕುಲಾಂತರಿ ವಿಧಾನವಲ್ಲ ಇದು. ಹೀಗೆ ಬಂದ ಸ್ವರ್ಣಾ ಸಬ್1 ಭಾರತದಲ್ಲಿ 2009ರಲ್ಲಿ, ಬಾಂಗ್ಲಾದೇಶದಲ್ಲಿ 2010ರಲ್ಲಿ ಬಿಡುಗಡೆಯಾಯಿತು. ಅಕ್ಕಿ ಅದೇ ಸ್ವರ್ಣಾ, ರುಚಿ ಅದೇ. ಮುಳುಗಿದಾಗ ಮಾತ್ರ ವ್ಯತ್ಯಾಸ.

ಈ ಸಾಧನೆಯ ಬಗ್ಗೆ ಬಂದ ಬರಹಗಳಲ್ಲಿ ವಿಜ್ಞಾನಿಗಳ ಹೆಸರು ಇವೆ, ಇರಬೇಕಾದದ್ದೇ. ಧಲಪುಟಿಯಾವನ್ನು ಕಾಪಾಡಿದ ಒಡಿಶಾದ ರೈತರ ಪಾಲಿಗೆ ಮೂರು ಅಕ್ಷರ, ಎರಡು ಅಂಕೆಯ ಒಂದು ಸಂಕೇತ ಉಳಿಯಿತು. 2001ರಲ್ಲಿ ನಮ್ಮ ಸಂಸತ್ತು ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯನ್ನು ಮಾಡಿತು. ಹೊಸ ತಳಿಗೆ ಮೂಲವಾದ ನಾಡ ತಳಿಯನ್ನು ಉಳಿಸಿದ ಸಮುದಾಯಕ್ಕೆ ಲಾಭದಲ್ಲಿ ಪಾಲು ಕೊಡುವ ಅವಕಾಶ ಅದರಲ್ಲಿದೆ. ಆದರೆ ಬೀಜ ಪ್ರಯೋಗಾಲಯ ಸೇರಿದ್ದು ಕಾಯಿದೆಗಿಂತ ಹಲವು ದಶಕ ಮೊದಲು. ದರುಮಾ ಗೋಧಿಯ ವಿಷಯದಲ್ಲೂ ಆದದ್ದು ಇದೇ. ಗಿಡ್ಡ ಗೋಧಿಗೆ ನೊಬೆಲ್ ಸಿಕ್ಕಿದಾಗ ಜಪಾನಿನ ಆ ರೈತರನ್ನು ನೆನೆದವರು ಎಷ್ಟು ಮಂದಿ?

ಬೀಜ ಮಾತ್ರ ಒಡಿಶಾಕ್ಕೆ ಮರಳಿತು. 2011ರಲ್ಲಿ ಮಂಝೂರ್ ದಾರ್ ಮತ್ತು ಕೆಲವು ಅರ್ಥಶಾಸ್ತ್ರಜ್ಞರು ಅಲ್ಲಿನ 128 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಚೀಟಿ ಎತ್ತಿದಂತೆ ಆರಿಸಿದ ಹಳ್ಳಿಗಳ ಕೆಲವು ರೈತರಿಗೆ ಸ್ವರ್ಣಾ ಸಬ್1 ಬೀಜದ ಚಿಕ್ಕ ಚೀಲ ಕೊಟ್ಟು, ಉಳಿದ ಹಳ್ಳಿಗಳ ಜೊತೆ ಹೋಲಿಸಿದರು. ಆ ವರ್ಷ ನೆರೆಯೂ ಬಂತು. ಹತ್ತು ದಿನ ಮುಳುಗಿದ ಗದ್ದೆಗಳಲ್ಲಿ ಹೊಸ ತಳಿಯ ಇಳುವರಿ ಸ್ವರ್ಣಾಕ್ಕಿಂತ ಶೇಕಡಾ 45ರಷ್ಟು ಹೆಚ್ಚಾಗಿತ್ತು. ಲಾಭ ಯಾರಿಗಾಯಿತು ಎಂದು ನೋಡಿದಾಗ ಇನ್ನೊಂದು ಸತ್ಯ ಹೊರಬಿತ್ತು. ಹೆಚ್ಚು ಮುಳುಗುವ ತಗ್ಗು ಜಮೀನಿನಲ್ಲಿ ಪರಿಶಿಷ್ಟ ಜಾತಿಯ ರೈತರದ್ದೇ ಹೆಚ್ಚಿನ ಪಾಲು. ಒಳ್ಳೆಯ ನೆಲ ಮೇಲಿನವರಿಗೆ, ನೆರೆಯ ನೆಲ ಕೆಳಗಿನವರಿಗೆ ಎಂಬ ಹಳೆಯ ಹಂಚಿಕೆ ಅಲ್ಲಿ ಮಣ್ಣಿನ ಮಟ್ಟದಲ್ಲೇ ಬರೆದಿತ್ತು. ಹಾಗಾಗಿ ಈ ಭತ್ತದ ಪ್ರಯೋಜನ ಅವರಿಗೇ ಹೆಚ್ಚು ದಕ್ಕುವಂತಿತ್ತು. ಹಸಿರು ಕ್ರಾಂತಿಯ ಗೋಧಿ ಮೊದಲು ತಲುಪಿದ್ದು ಕಾಲುವೆ, ಕೊಳವೆಬಾವಿ, ಗೊಬ್ಬರಕ್ಕೆ ದುಡ್ಡು ಇದ್ದವರನ್ನು. ಇದು ಹಾಗಲ್ಲ.

2016ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಕಂಡದ್ದು ಇನ್ನೂ ಕುತೂಹಲದ ಸಂಗತಿ. ಆ ಬೀಜ ಸಿಕ್ಕಿದ ರೈತರು ಹೆಚ್ಚು ಜಾಗದಲ್ಲಿ ಭತ್ತ ಹಾಕಿದ್ದರು. ಬೀಜ ಎರಚುವ ಬದಲು ನೇಜಿ ನೆಟ್ಟಿದ್ದರು, ಗೊಬ್ಬರಕ್ಕೆ ಹೆಚ್ಚು ಖರ್ಚು ಮಾಡಿದ್ದರು, ಸಾಲವನ್ನೂ ಧೈರ್ಯದಿಂದ ಪಡೆದಿದ್ದರು. ನೆರೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆಂಬ ಭಯದಿಂದ ಅಷ್ಟು ಕಾಲ ಅವರು ಗದ್ದೆಗೆ ಕೈ ಬಿಗಿ ಹಿಡಿದೇ ದುಡ್ಡು ಹಾಕುತ್ತಿದ್ದರು. ಭಯ ಕಡಿಮೆಯಾದ್ದರಿಂದ ನೆರೆ ಬಾರದ ವರ್ಷವೂ ಅವರ ಫಸಲು ಹೆಚ್ಚಿತು.